ಧರ್ಮಪ್ಪ ಮೇಷ್ಟರ ಒಂದು ಅಭಿಪ್ರಾಯ

ಧರ್ಮಪ್ಪ ಮೇಷ್ಟರಿಗೆ ಅಭಿಪ್ರಾಯವಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಕೊಪ್ಪದ ಹೈಸ್ಕೂಲೊಂದರಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು, ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳಲು ಮಕ್ಕಳು ಸಿಗದೆ, ಕಮ್ಮರಡಿ ಪಕ್ಕದ ತಮ್ಮೂರಿನ ವಾಟ್ಸಾಪ್ ಗುಂಪನ್ನೇ ತರಗತಿ ಮಾಡಿಕೊಂಡಿದ್ದರು. ಬೆಳಗಿನ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಒಂದು ಅಭಿಪ್ರಾಯ ಮನೆಮನೆಗೂ ಮುಟ್ಟಿರುತ್ತಿತ್ತು. ನರಸಿಂಹರಾಜಪುರಕ್ಕೆ ಎಡೇಹಳ್ಳಿ ಎಂಬ ಹಳೇ ಹೆಸರೇ ಚೆನ್ನ. ಶೃಂಗೇರಿ ಹೊಳೆಯ ಮೀನಿಗೆ ಮಂಡಕ್ಕಿ ಹಾಕುವವರು ಭಕ್ತರಲ್ಲ, ಫೋಟೋಕ್ಕೆ ಬಂದವರು. ಅಂಗಡಿಯ ತರಿ ತಂದು ಕಡುಬು ಮಾಡುವವರಿಗೆ ಮಲೆನಾಡಿನಲ್ಲಿರುವ ಯೋಗ್ಯತೆಯೇ ಇಲ್ಲ. ಊರವರು ಹೆಬ್ಬೆಟ್ಟು ಎತ್ತಿದ ಚಿತ್ರವೊಂದನ್ನು ಒತ್ತಿ ತೋಟಕ್ಕೆ ಹೋಗುತ್ತಿದ್ದರು. ಓದಿ ಒತ್ತಿದವರೆಷ್ಟು ಮಂದಿಯೋ ದೇವರಿಗೇ ಗೊತ್ತು.

ಹೆಂಡತಿ ವಿಜಯ ಅದನ್ನು ಓದುತ್ತಿರಲಿಲ್ಲ. ಅವಳಿಗೆ ಎಲ್ಲವನ್ನೂ ಗಂಡನ ಬಾಯಿಂದಲೇ ಕೇಳುವ ಭಾಗ್ಯವಿತ್ತು. ಮೇಷ್ಟರು ಜಗಲಿಯಲ್ಲಿ ಕೂತು ಸಂಸ್ಕೃತಿ ಉಳಿಸುವ ಹೊತ್ತಿಗೆ ಅವಳು ಕೊಟ್ಟಿಗೆ ಗುಡಿಸಿ, ಹಾಸಿಗೆ ಹಿಡಿದ ಅತ್ತೆ ಅನ್ನಮ್ಮನ ಮೈ ಒರೆಸಿ, ಗಂಜಿ ಕುಡಿಸುತ್ತಿದ್ದಳು. ಬೇಸರವಾಗುತ್ತಿರಲಿಲ್ಲವೆ ಎಂದರೆ ಆಗುತ್ತಿತ್ತು. ಆದರೆ ಬೇಸರ ಗಂಡನ ಮೇಲೆ, ಅತ್ತೆಯ ಮೇಲಲ್ಲ.

ಅನ್ನಮ್ಮ ಕಾಲು ಗಟ್ಟಿ ಇದ್ದಷ್ಟು ದಿನ ಊರಿನ ಯಾವ ಸಾವಿನ ಮನೆಯನ್ನೂ ತಪ್ಪಿಸಿದವಳಲ್ಲ. ಹೆಣದ ಕಣ್ಣು ಮುಚ್ಚಿಸಿ, ದವಡೆ ಕಟ್ಟಿ, ಅಳುವವರನ್ನು ಗದರಿಸಿ ಎರಡು ಗುಟುಕು ಬೆಲ್ಲದ ನೀರು ಕುಡಿಸಿದ ಮೇಲೇ ಅವಳು ಮನೆಗೆ ಬರುತ್ತಿದ್ದದ್ದು. ಆ ಊರಿನ ಕ್ರಮವೇ ಹಾಗೆ. ಮದುವೆಗೆ ಕರೆಯದೆ ಯಾರೂ ಹೋಗುವುದಿಲ್ಲ, ಸಾವಿಗೆ ಯಾರೂ ಕರೆಯುವುದಿಲ್ಲ. ಸುದ್ದಿ ಮುಟ್ಟಿದರೆ ಸಾಕು, ಮನೆಗೊಬ್ಬ ಗಂಡಸು ಕೊಡಲಿ ಹೆಗಲಿಗೇರಿಸಿ ಬಂದುಬಿಡುತ್ತಾನೆ. ಬಿದಿರು ಕಡಿದು ಚಟ್ಟ ಕಟ್ಟುವುದು, ಮಾವಿನ ಮರ ಉರುಳಿಸಿ ಚಿತೆ ಒಟ್ಟುವುದು, ಹೊರುವುದು ಎಲ್ಲ ಬಂದವರದೇ. ಬಾಯಿಬಿಟ್ಟು ‘ಬನ್ನಿ’ ಎಂದರೆ ಮುಂದಿನ ಸಾವನ್ನೂ ಕರೆದಂತೆ ಎಂದು ಹೆದರುತ್ತಾರೆ.

ದೀಪಾವಳಿ ಕಳೆದ ಮೇಲೆ ಕೆಳಮನೆಯ ಜಟ್ಟಪ್ಪ ತೀರಿಕೊಂಡ. ಊರಿಗೆ ಊರೇ ಸೇರಿತ್ತು. ಮೇಷ್ಟರೂ ಹೋಗಿ, ಒಂದು ಕಡೆ ಕೂತು, ಗಮನಿಸಿ ಬಂದರು. ಗಮನಿಸಿದ್ದು ಮಾರನೇ ಬೆಳಿಗ್ಗೆ ಗುಂಪಿನಲ್ಲಿತ್ತು:

“ಸಾವಿನ ಮನೆ ಸಂತೆಯಲ್ಲ. ಜನ ಬರುವುದು ದುಃಖಕ್ಕಲ್ಲ, ಹರಟೆಗೆ, ಕಾಫಿಗೆ. ನಮ್ಮ ಮನೆಯಲ್ಲಿ ಸಾವಾದರೆ ಯಾರೂ ಬರಬೇಕಾಗಿಲ್ಲ. ಕೊಪ್ಪದಿಂದ ಹೆಣ ಸಾಗಿಸುವ ಗಾಡಿ ಬಂದರೆ ಕೆಲಸ ಮುಗಿಯಿತು. ಫೋನಿನಲ್ಲಿ ಕೈಮುಗಿದರೆ ಸಾಕು.”

ಜಟ್ಟಪ್ಪನ ಚಿತೆಯ ಕೆಂಡ ಇನ್ನೂ ಆರಿರಲಿಲ್ಲ. ಅಣ್ಣನನ್ನು ಕಳೆದುಕೊಂಡ ರಂಗಪ್ಪ ಅದನ್ನು ಓದಿದ. ಅವತ್ತು ಯಾರೂ ಹೆಬ್ಬೆಟ್ಟು ಎತ್ತಲಿಲ್ಲ. “ಜನ ಯೋಚನೆಗೆ ಬಿದ್ದಿದಾರೆ ನೋಡು” ಎಂದು ಮೇಷ್ಟರು ಖುಷಿಪಟ್ಟರು. ವಿಜಯಳಿಗೆ ನಾಚಿಕೆಯಿಂದ ಒಂದು ವಾರ ಕೆಳಮನೆಯ ಮುಂದೆ ಹಾದು ಹೋಗಲಾಗಲಿಲ್ಲ.

ಮಾಘ ಮಾಸದ ಒಂದು ಬೆಳಿಗ್ಗೆ ವಿಜಯ ಗಂಜಿ ಬಟ್ಟಲು ಹಿಡಿದು ಹೋದರೆ ಅನ್ನಮ್ಮ ಕಣ್ಣು ಬಿಡಲಿಲ್ಲ. ಮೇಷ್ಟರು ಸ್ವಲ್ಪ ಹೊತ್ತು ಅತ್ತರು, ನಿಜವಾಗಿಯೇ ಅತ್ತರು. ಆಮೇಲೆ ಗುಂಪಿಗೆ ಸುದ್ದಿ ಹಾಕಿದರು. ಟಿಣ್, ಟಿಣ್ ಎಂದು ಕೈಮುಗಿದ ಚಿತ್ರಗಳು ಬರತೊಡಗಿದವು. ಊರವರೆಲ್ಲ ಕೈಮುಗಿದರು, ಒಂದು ಮನೆಯೂ ತಪ್ಪಲಿಲ್ಲ. ಅಂಗಳಕ್ಕೆ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ.

ಅಷ್ಟು ಹೆಣಗಳ ದವಡೆ ಕಟ್ಟಿದವಳ ದವಡೆಯನ್ನು ವಿಜಯ ಒಬ್ಬಳೇ ಕಟ್ಟಿದಳು. ಒಬ್ಬಳೇ ಮೀಯಿಸಿದಳು. ಹೊರಳಿಸಲು ಕೈ ಸಾಲದೆ ಗಂಡನನ್ನು ಕೂಗಬೇಕಾಯಿತು. ಬಿಸಿಲು ಅಂಗಳದ ತುಂಬ ಬಂದಿತ್ತು.

“ಎಂತ ಯಾರೂ ಕಾಣ್ತಿಲ್ಲ?” ಎಂದರು ಮೇಷ್ಟರು, ಬೇಲಿಯ ಕಡೆ ನೋಡುತ್ತ.

“ಬರಬ್ಯಾಡಿ ಅಂತ ನೀವೇ ಬರ್ದಿದ್ರಲ್ಲ.”

“ಅದು ಸುಮ್ನೆ ಒಂದು ಅಭಿಪ್ರಾಯ ಮಾರಾಯ್ತಿ! ಅದನ್ನ ಹಿಡ್ಕಂಡು ಕೂರ್ತಾರಾ ಯಾರಾದ್ರೂ?”

“ಹಂಗಾದ್ರೆ ಈಗ ಬನ್ನಿ ಅಂತ ಬರೀರಿ.”

“ಸಾವಿಗೆ ಕರೀತಾರೇನೆ? ನಮ್ಮ ಸಂಸ್ಕೃತೀಲಿ ಉಂಟಾ ಅದು?”

ವಿಜಯಳಿಗೆ ಮೈಯೆಲ್ಲ ಉರಿದು ಹೋಯಿತು. ಅಂಗಳ ಇಳಿದು ಕೆಳಮನೆಯ ದಾರಿ ಹಿಡಿದಳು. ಸೂತಕದವಳು ಇನ್ನೊಬ್ಬರ ಹೊಸ್ತಿಲು ಮೆಟ್ಟಬಾರದು. ಬೇಲಿಯಾಚೆ ನಿಂತು “ರಂಗಣ್ಣಾ” ಎಂದು ಕೂಗಿದಳು.

ರಂಗಪ್ಪ ಹೊರಬಂದ. ತಲೆಗೆ ಟವೆಲ್ ಸುತ್ತಿಕೊಂಡಿದ್ದ, ಕೈಯಲ್ಲಿ ಮಸೆದ ಕೊಡಲಿ ಇತ್ತು.

“ಅತ್ತೆಮ್ಮನ್ನ ಹೊರಾಕೆ ಬನ್ನಿ. ನಾನೇ ಕರೀತಿದೀನಿ. ಕೆಟ್ಟದಾದ್ರೆ ನಂಗೇ ಆಗ್ಲಿ.”

ರಂಗಪ್ಪನ ಕಣ್ಣು ಕೆಂಪಾಗಿತ್ತು. “ಬೆಳಿಗ್ಗೆಯಿಂದ ಹಿಂಗೇ ನಿಂತಿದೀನಿ ವಿಜಯಕ್ಕ. ಎಲ್ಲಾ ಮನೇಲೂ ಹಿಂಗೇ ನಿಂತಿದಾರೆ. ನಾನು ಹುಟ್ಟೋವಾಗ್ಲೂ ಅನ್ನಮ್ಮಕ್ಕನೇ ಬಂದಿದ್ದಂತೆ. ಆದ್ರೆ ನಾವು ಕಾಫಿಗೆ ಬರೋರು ಅಂದ್ರಲ್ಲ ಮೇಷ್ಟ್ರು, ನಮ್ಮಣ್ಣನ ಬೂದಿ ಬಿಸಿ ಇರೋವಾಗ್ಲೇ? ಅವ್ರು ತಮ್ಮ ಬೇಲಿ ತಂಕ ಬರ್ಲಿ. ‘ತಪ್ಪಾಯ್ತು’ ಅಂತ್ಲೂ ಬ್ಯಾಡ. ‘ಬನ್ರೋ’ ಅಂದ್ರೆ ಸಾಕು, ಓಡಿ ಬತ್ತೀವಿ.”

ಅವಳು ಏದುಸಿರು ಬಿಡುತ್ತ ಬಂದು ಹೇಳಿದಳು. ಗಂಡನ ಕಾಲಿಗೆ ಬೀಳುವುದೊಂದು ಬಾಕಿ. “ಒಂದು ಮಾತು. ನಿಮ್ಮ ಅಬ್ಬೆಗೋಸ್ಕರ ಒಂದೇ ಮಾತು.”

ಮೇಷ್ಟರು ಎದ್ದರು. ಬೇಲಿಯ ಕಡೆ ಹೋದರು ಕೂಡ. ವಿಜಯ ನೋಡುತ್ತ ನಿಂತಳು. ಆಚೆ ರಸ್ತೆಯಲ್ಲಿ ಇಬ್ಬರು ಮೂವರು ಕೊಡಲಿ ಹಿಡಿದು ಈಚೆಗೇ ನೋಡುತ್ತಿದ್ದರು. ಮೇಷ್ಟರ ಬಾಯಿ ತೆರೆಯಿತು. ದಿನವೂ ಊರಿಗೆಲ್ಲ ಮಾತು ಹಂಚಿದ ಮನುಷ್ಯನಿಗೆ ಬೇಕಾದ ಹೊತ್ತಿಗೆ ಎರಡಕ್ಷರ ಹೊರಡಲಿಲ್ಲ. ಅಥವಾ ಹೊರಡಿಸಲಿಲ್ಲ. ತಿರುಗಿ ಬಂದವರು ಫೋನ್ ತೆಗೆದು ಕೊಪ್ಪದ ಗಾಡಿಯವನಿಗೆ ಬರಹೇಳಿದರು.

ಗಾಡಿ ಬಂತು. ಅನ್ನಮ್ಮನ ಹೆಸರೂ ಗೊತ್ತಿಲ್ಲದ ನಾಲ್ವರು ಕೂಲಿಯವರು ಅವಳನ್ನೆತ್ತಿ ತಗಡಿನ ಮೇಲೆ ಇಟ್ಟರು. ಒಬ್ಬನ ಕಿವಿಯಲ್ಲಿ ಹಾಡು ಕೇಳುವ ವೈರ್ ಇತ್ತು. ವಿಜಯ ಗಾಡಿಯ ಹಿಂದೆ ರಸ್ತೆಯವರೆಗೆ ಬಂದಳು. ಎರಡೂ ಬದಿಯ ಒಂದೊಂದು ಬೇಲಿಯ ಒಳಗೂ ಒಬ್ಬೊಬ್ಬ ಗಂಡಸು ಕೊಡಲಿ ಕೆಳಗೂರಿ, ಟವೆಲ್ ಬಿಚ್ಚಿ ತಲೆ ತಗ್ಗಿಸಿ ನಿಂತಿದ್ದ. ಹೆಂಗಸರು ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದರು. ಯಾರೂ ಬೇಲಿ ದಾಟಲಿಲ್ಲ. ಅವರ ಮೇಲೂ ಅವಳಿಗೆ ಸಿಟ್ಟು ಬಂತು. ಸತ್ತವಳೇನು ಮಾಡಿದ್ದಳು ಇವರಿಗೆ?

ಮಾರನೇ ಬೆಳಿಗ್ಗೆ ಗುಂಪಿನಲ್ಲಿ ಹೊಸ ಅಭಿಪ್ರಾಯವಿತ್ತು: “ನಮ್ಮ ಹಳ್ಳಿಗಳಲ್ಲಿ ಮನುಷ್ಯತ್ವ ಸತ್ತಿದೆ. ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ.” ಮೇಷ್ಟರು ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿಯೂ ಹೇಳಿದರು. ಅವಳು ಅನ್ನಮ್ಮನ ಖಾಲಿ ಮಂಚ ಒರೆಸುತ್ತಿದ್ದಳು.

ತಿಥಿ ಮುಗಿದ ಮೇಲೆ ಒಂದು ದಿನ ಅವಳು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಜಗಲಿಗೆ ಬಂದಳು.

“ಎಲ್ಲಿಗೆ?”

“ಕೆರೆಕಟ್ಟೆಗೆ, ಅಣ್ಣನ ಮನೆಗೆ.”

“ಆ ಕಾಡಲ್ಲಿ ಎಂತ ಉಂಟು? ಒಂದು ಬಸ್ಸು ಸರಿಯಾಗಿಲ್ಲ. ಎಷ್ಟು ದಿನಕ್ಕೆ ಹೋಗೋದು?”

“ಸಾಯೋ ತಂಕ. ಅಲ್ಲಿ ಹೊರಾಕೆ ಜನ ಬರ್ತಾರೆ.”

ಮೇಷ್ಟರು ಕನ್ನಡಕ ತೆಗೆದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮುಖದಲ್ಲಿ ಹೆದರಿಕೆ ಕಂಡದ್ದು ಅವತ್ತೇ.

“ಮತ್ತೆ ನಾನು ಸತ್ರೆ?”

ವಿಜಯ ಚಪ್ಪಲಿ ಮೆಟ್ಟಿಕೊಂಡಳು.

“ನಂಗೆ ಸುದ್ದಿ ಮುಟ್ಟಿದ್ರೆ ಕೈಮುಗೀತೀನಿ” ಎಂದು ಹೇಳಿ ಅಂಗಳ ಇಳಿದಳು.