ಒಂಬತ್ತು ಹಿಡಿ

ನನ್ನ ಗಂಡ ನೂಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಡುಗೆಯವರು. ದಿನವೂ ನೂರು ಜನಕ್ಕೆ ಮಧ್ಯಾಹ್ನದ ಊಟ. ಚಮಚ ಹಿಡಿದು ಉಪ್ಪು ಅಳೆಯುವವರನ್ನು ಕಂಡರೆ ಅವರಿಗೆ ನಗು. ಹರಳುಪ್ಪನ್ನು ಹಿಡಿಹಿಡಿಯಾಗಿ ಹಾಕುವುದು, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕುವುದು, ನಾಲಿಗೆ ಸಾಕೆಂದಾಗ ನಿಲ್ಲಿಸುವುದು. ‘ಉಪ್ಪಿಗಿಂತ ರುಚಿಯಿಲ್ಲ’ ಎಂಬ ಅರ್ಧ ಗಾದೆಯನ್ನಷ್ಟೇ ಕಲಿತವರು. ತಾಯಿಯ ಬಗ್ಗೆ ಇರುವ ಉಳಿದರ್ಧ ಅವರ ಬಾಯಿಗೆ ಬಂದಿದ್ದನ್ನು ನಾನು ಕೇಳಿಲ್ಲ.

ಕಳೆದ ವರ್ಷ ಅವರ ಬಿ.ಪಿ. ನೂರೆಪ್ಪತ್ತು ದಾಟಿತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕಿಡ್ನಿಗೆ ಪೆಟ್ಟು ಬೀಳಲು ಶುರುವಾಗಿದೆ ಎಂದರು ಡಾಕ್ಟರು.

“ಮಾತ್ರೆ ಒಂದೇ ಸಾಲದು. ದಿನಕ್ಕೆ ಎಲ್ಲಾ ಸೇರಿ ಐದು ಗ್ರಾಂ ಉಪ್ಪು, ಅಷ್ಟೇ.”

ನಾನು ಪಾರ್ಸಲ್ ಕಚೇರಿಯಲ್ಲಿ ತೂಕ ಮಾಡುವವಳು. ಗ್ರಾಂ ಎಂದರೆ ನನಗೆ ಗ್ರಾಂ. ಅಂದಿನಿಂದ ಮನೆಯಲ್ಲಿ ಅಳೆದೇ ಅಡುಗೆ. ಮಧ್ಯಾಹ್ನಕ್ಕೂ ಡಬ್ಬಿ ಕಟ್ಟಿಕೊಟ್ಟೆ. ಮೊದಲ ಎರಡು ವಾರ ಮುಖ ಗಂಟಿಕ್ಕಿಕೊಂಡು ಉಂಡರು. ಆರನೆಯ ವಾರ ತಾವಾಗಿಯೇ ಇನ್ನಷ್ಟು ಬಡಿಸಿಕೊಂಡರು. ಗೆದ್ದೆ ಎಂದುಕೊಂಡೆ.

ಅದೇ ವಾರ ಕ್ಯಾಂಟೀನಿನಲ್ಲಿ ಗಲಾಟೆ. ಊಟ ಸಪ್ಪೆ ಎಂದು ಜನ ತಟ್ಟೆಯನ್ನು ಹಾಗೇ ಬಿಟ್ಟು ಎದ್ದರು. ಹೀಗೇ ಆದರೆ ಬೇರೆ ಅಡುಗೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮ್ಯಾನೇಜರ್ ಹೇಳಿಬಿಟ್ಟ.

“ಹೊಸ ಉಪ್ಪಿನ ಮೂಟೆ ಬಂದಿದೆ ಕಣೇ, ತುಂಬಾ ಜೋರು,” ಎಂದರು ಇವರು. “ಮೊದಲು ಒಂಬತ್ತು ಹಿಡಿ ಬೇಕಿತ್ತು. ಈಗ ಆರಕ್ಕೇ ಸಾಕಾಗ್ತಿದೆ. ಅವರಿಗೆ ಯಾಕೆ ಗೊತ್ತಾಗ್ತಿಲ್ಲ?”

“ಉಪ್ಪು ಅದೇ ರೀ. ಬದಲಾಗಿರೋದು ನಿಮ್ಮ ನಾಲಿಗೆ.”

ಅವರ ಮುಖ ಬಿಳಿಚಿಕೊಂಡಿತು. “ಹಾಗಾದ್ರೆ ಮನೇಲೂ ಮೊದಲಿನ ಹಾಗೇ ಹಾಕು. ನಾಲಿಗೆ ಸರಿ ಹೋಗ್ಲಿ.”

“ಮತ್ತೆ ಕಿಡ್ನಿ?”

“ಕೆಲಸ ಹೋದ್ಮೇಲೆ ಕಿಡ್ನಿ ಇಟ್ಕೊಂಡು ಏನು ಮಾಡ್ಲಿ?”

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಭಯವಾಯಿತು.

“ರುಚಿ ನೋಡೋದೇ ಬಿಟ್ಬಿಡಿ,” ಎಂದೆ. “ನಿಮ್ಮ ಒಂಬತ್ತು ಹಿಡಿ ಎಷ್ಟಾಗುತ್ತೆ ಅಂತ ತೂಗಿಬಿಡೋಣ. ದಿನಾ ಅಷ್ಟೇ ಹಾಕಿ.”

ಮರುದಿನ ಸಂಜೆ ನನ್ನ ಕಚೇರಿಯ ಕೌಂಟರ್ ಮುಚ್ಚುವ ಹೊತ್ತಿಗೆ ಉಪ್ಪಿನ ಚೀಲ ಹಿಡಿದುಕೊಂಡು ಬಂದರು. ತಕ್ಕಡಿಯ ಮೇಲೆ ಪೇಪರ್ ಹಾಸಿದೆ. ಒಂಬತ್ತು ಹಿಡಿ ಸುರಿದರು. ಆರುನೂರ ಮೂವತ್ತು ಗ್ರಾಂ.

ನಾನು ಲೆಕ್ಕ ಹೇಳಲಿಲ್ಲ. ಅವರೇ ನೂರರಿಂದ ಭಾಗಿಸಿದರು. ತಲೆಗೆ ಆರು ಗ್ರಾಂ ಮೇಲೆ, ಅದೂ ಒಂದೇ ಹೊತ್ತಿಗೆ.

“ಕಾರ್ಖಾನೇಲಿ ಬಾಯ್ಲರ್ ನೋಡ್ಕೋತಿದ್ದೋನಿಗೆ ಲಕ್ವ ಹೊಡೀತಲ್ಲ,” ಎಂದರು ಉಪ್ಪನ್ನು ಚೀಲಕ್ಕೆ ತುಂಬುತ್ತಾ. “ಮೂರು ಸಲ ಬಡಿಸ್ಕೋತಿದ್ದ. ನಾನು ಹಿಗ್ಗಿ ಇನ್ನೊಂದು ಸೌಟು ಹಾಕ್ತಿದ್ದೆ.”

“ಅವನು ಸಿಗರೇಟೂ ಸೇದ್ತಿದ್ದ.”

ಅದು ನಿಜವೇ. ಆದರೆ ಆ ಮಾತಿನಿಂದ ಅವರಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ.

ಮರುದಿನದಿಂದ ಆರುನೂರ ಮೂವತ್ತು ಗ್ರಾಂ ಹಂಡೆಗೆ ಬಿತ್ತು, ಗಲಾಟೆ ನಿಂತಿತು. ಮುಂದಿನ ಸೋಮವಾರ ಅವರು ನನ್ನನ್ನು ಕೇಳದೆ ಹತ್ತು ಗ್ರಾಂ ತೆಗೆದರು. ಅದರ ಮುಂದಿನ ಸೋಮವಾರ ಇನ್ನು ಹತ್ತು. ಕ್ಯಾಂಟೀನಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆ ಕ್ಷಣಕ್ಕೇ ಎಲ್ಲರಿಗೂ ಸಪ್ಪೆಯಾಗುತ್ತಿತ್ತು.

ಇಪ್ಪತ್ತೊಂದನೆಯ ಸೋಮವಾರ ಹಂಡೆಗೆ ಬಿದ್ದದ್ದು ನಾನೂರಿಪ್ಪತ್ತು ಗ್ರಾಂ, ಅಂದರೆ ಆರೇ ಹಿಡಿ. ಮ್ಯಾನೇಜರ್ ಉಂಡು ಕೈ ತೊಳೆದು ಒಳಗೆ ಬಂದು, “ಈಗ ನೋಡಿ, ನಿಮ್ಮ ಹಳೇ ಕೈರುಚಿ ಬಂತು,” ಎಂದು ಹೇಳಿಹೋದನಂತೆ.

ಮನೆಗೆ ಬಂದು ಇದನ್ನು ಹೇಳಿದಾಗ ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದರು.

“ಇಷ್ಟು ಸುಲಭ ಇತ್ತು ಕಣೇ,” ಎಂದರು. “ಹತ್ತೊಂಬತ್ತು ವರ್ಷದಲ್ಲಿ ಯಾವ ಸೋಮವಾರ ಬೇಕಾದ್ರೂ ಶುರು ಮಾಡಬಹುದಿತ್ತು.”