ಬೇರೆ ಬಕೆಟ್ಟು

ಒಗೆಯುವ ದಿನ ಬೆಳಗ್ಗೆ ಸೊಸೆ ಅಡುಗೆಮನೆಯ ಹಿಂಬಾಗಿಲು ತೆಗೆದಾಗ ಗೋಡೆಯ ಮೊಳೆ ಖಾಲಿಯಿತ್ತು. ಸುಣ್ಣದ ಮೇಲೆ ದುಂಡಗಿನ ಒಂದು ಗುರುತು ಮಾತ್ರ ಉಳಿದಿತ್ತು. ತಗಡಿನ ಬಕೆಟ್ಟು ಕೆಳಗಿಳಿದಿತ್ತು.

ಮದುವೆಯಾಗಿ ಬಂದಾಗಿನಿಂದ ಅವಳು ಅದನ್ನು ನೆಲದ ಮೇಲೆ ನೋಡಿರಲಿಲ್ಲ. ಈಗ ಅದು ನಲ್ಲಿಯ ಕೆಳಗೆ, ಉಳಿದ ಬಟ್ಟೆಗಳಿಂದ ಒಂದು ಮಾರು ದೂರದಲ್ಲಿ ಕುಳಿತಿತ್ತು. ಒಳಗೆ ಒಂದೇ ಒಂದು ಬಟ್ಟೆ. ಗಂಡನ ನೀಲಿ ಟವೆಲ್ಲು.

"ಅದ್ಯಾಕತ್ತೆ ಬೇರೆ?" ಎಂದು ಕೇಳಿದಳು.

ಅತ್ತೆ ಕಾಲ್ಚೀಲವೊಂದನ್ನು ಒಳಗಿನಿಂದ ಹೊರಕ್ಕೆ ತಿರುಗಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಬಣ್ಣ ಬಿಡುತ್ತೆ," ಎಂದಳು.

ಆ ಟವೆಲ್ಲು ಬಿಡುವ ಬಣ್ಣವನ್ನೆಲ್ಲ ಎಂದೋ ಬಿಟ್ಟಾಗಿತ್ತು. ಈಗ ಅದನ್ನು ನೀಲಿ ಎನ್ನುತ್ತಿದ್ದದ್ದು ಅಭ್ಯಾಸಬಲದಿಂದ.

ಒಗೆಯುವ ಜಾಗವೆಂದರೆ ಅಡುಗೆಮನೆಗೂ ಕಾಂಪೌಂಡಿಗೂ ನಡುವಿನ ಒಂದು ಓಣಿ. ಒಂದು ತುದಿಯಲ್ಲಿ ವಾಷಿಂಗ್ ಮೆಷಿನ್, ಇನ್ನೊಂದು ತುದಿಯಲ್ಲಿ ಬಚ್ಚಲಮನೆಯ ಕಿಟಕಿ, ತಲೆಯ ಮೇಲೆ ತಂತಿ. ಅತ್ತೆ ಗಿಡ್ಡ ಸ್ಟೂಲಿನ ಮೇಲೆ ಕೂತು ಗುಡ್ಡೆ ಹಾಕುತ್ತಿದ್ದಳು. ಬಿಳಿಯದ್ದು ಒಂದು ಕಡೆ, ಬಣ್ಣದ್ದು ಒಂದು ಕಡೆ, ಒಳಉಡುಪು ಯಾರ ಕಣ್ಣಿಗೂ ಬೀಳದಂತೆ ಮೂಲೆಯಲ್ಲಿ. ನೆಲ ಒರೆಸುವ ಬಟ್ಟೆ ಹೊಸ್ತಿಲು ದಾಟುವಂತಿರಲಿಲ್ಲ. ಜೇಬುಗಳನ್ನು ಹೊರಗೆಳೆದು ಕೊಡವುತ್ತಿದ್ದಳು, ಕಾಲರಿಗೆ ಸೋಪು ಉಜ್ಜುತ್ತಿದ್ದಳು. ಟವೆಲ್ಲುಗಳ ಸರದಿ ಎಲ್ಲಕ್ಕೂ ಕಡೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ: ಮಗನಿಗೆ ನೀಲಿ, ಸೊಸೆಗೆ ಹಳದಿ, ಮಗಳಿಗೆ ಗುಲಾಬಿ, ತನಗೆ ಬಿಳಿ. ಮೈಗೊಂದು, ಕಪಾಟಿಗೊಂದು. ಒಬ್ಬರದ್ದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಗುಡ್ಡೆಗೆ ಹಾಕುವ ಮೊದಲು ಅತ್ತೆ ಪ್ರತಿಯೊಂದನ್ನೂ ಮೂಗಿನ ಹತ್ತಿರ ತರುತ್ತಿದ್ದಳು, ಹಾಲು ಒಡೆದಿದೆಯೋ ಎಂದು ನೋಡುವವರ ಹಾಗೆ.

ಬಕೆಟ್ಟಿನ ವಿಷಯ ಹೇಳಿದ್ದು ನಾದಿನಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಬಾಯಿಬಡುಕಿ. ಹೊಸದರಲ್ಲಿ ಅತ್ತಿಗೆಯನ್ನು ನಗಿಸಲೆಂದು ಹೇಳಿದ್ದಳು. "ನಮ್ಮಮ್ಮನ ಮೂಗು ಸ್ಕ್ಯಾನಿಂಗ್ ಮೆಷಿನ್ನು ಅತ್ತಿಗೆ. ಕರೆಂಟೂ ಬೇಡ." ಅವರಪ್ಪ ಕಲ್ಲುಗುಂಡಿನಂತಿದ್ದಾಗ, ಮೆಟ್ಟಿಲನ್ನು ಹಾರಿಹಾರಿ ಹತ್ತುತ್ತಿದ್ದಾಗ, ಅಮ್ಮ ಅವರ ಹಸಿರು ಟವೆಲ್ಲನ್ನು ತಗಡಿನ ಬಕೆಟ್ಟಿಗೆ ಹಾಕಿದಳಂತೆ. ಕೇಳಿದರೆ ಬಣ್ಣ ಬಿಡುತ್ತೆ ಅಂದಳಂತೆ. ಬಿಸಿಲುಗಾಲ ಮುಗಿಯುವಷ್ಟರಲ್ಲಿ ಟವೆಲ್ಲಿತ್ತು, ಅಪ್ಪ ಇರಲಿಲ್ಲ. ಅದಕ್ಕೂ ಮುಂಚೆ, ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ದೊಡ್ಡಮ್ಮನದ್ದೂ ಅದೇ ಕಥೆ. ಅವರನ್ನು ಕಳಿಸಿಕೊಟ್ಟ ಮೇಲೆ ಅಮ್ಮ ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದಳಂತೆ. ನಾದಿನಿ ನಗುತ್ತಲೇ ಹೇಳಿದ್ದಳು. ಆದರೆ ಅವಳು ಸ್ನಾನ ಮುಗಿಸಿ ಬರುವಾಗ ತನ್ನ ಗುಲಾಬಿ ಟವೆಲ್ಲನ್ನು ಒಮ್ಮೆ ಮೂಸಿ ನೋಡುವುದನ್ನು ಸೊಸೆ ಆಮೇಲೆ ಗಮನಿಸಿದ್ದಳು.

ಆ ಬೆಳಗ್ಗೆ ಸೊಸೆ ಹೆದರಿದ್ದು ಈ ಕಥೆಯಿಂದ ಮಾತ್ರವಲ್ಲ. ಅತ್ತೆಗೆ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ನೀಲಿ ಟವೆಲ್ಲು ಗಂಡನೊಬ್ಬನದ್ದೇ ಆಗಿರಲಿಲ್ಲ.

ಮದುವೆಯ ಉಡುಗೊರೆಯಾಗಿ ಬಂದ ಹಳದಿ ಟವೆಲ್ಲು ನೋಡಲು ಚೆಂದ, ನೀರನ್ನು ಮಾತ್ರ ಹೀರುತ್ತಿರಲಿಲ್ಲ. ಒರೆಸಿದರೆ ನೀರು ಬೆನ್ನಿನ ಮೇಲೆ ಆಚೀಚೆ ಸರಿದಾಡುತ್ತಿತ್ತು, ಅಷ್ಟೆ. ಚಳಿಗಾಲದ ಒಂದು ಬೆಳಗ್ಗೆ ಗಂಡ, ನನ್ನದು ತಗೋ, ಯಾರು ನೋಡ್ತಾರೆ ಎಂದ. ಅಂದಿನಿಂದ ಅವಳು ಮೊದಲು ಸ್ನಾನ ಮಾಡಿ ನೀಲಿಯಲ್ಲಿ ಮೈ ಒರೆಸಿಕೊಂಡು, ಅವನ ಸ್ನಾನ ಮುಗಿಯುವಾಗ ಅದನ್ನೇ ಬಾಗಿಲ ಸಂದಿಯಿಂದ ಕೊಡುತ್ತಿದ್ದಳು. ಒಳಗಿನಿಂದ ಬರುವ ಕೈ ಟವೆಲ್ಲಿನ ಜೊತೆ ಅವಳ ಮಣಿಕಟ್ಟನ್ನೂ ಹಿಡಿಯುತ್ತಿತ್ತು. ಹಳದಿಗೆ ಸುಮ್ಮನೆ ನೀರು ತೋರಿಸಿ, ಹಿಂಡಿ, ತಂತಿಗೆ ಹಾಕುತ್ತಿದ್ದಳು. ಗೋಡೆಗೂ ಕಿವಿಯಿರುವ ಆ ಮನೆಯಲ್ಲಿ ಗಂಡ ಹೆಂಡತಿಗೆ ತಮ್ಮದೇ ಎಂದು ಇದ್ದದ್ದು ಈ ಒಂದು ಗುಟ್ಟು. ಅತ್ತೆ ವಾರವಾರವೂ ಯಾರ ಮೈಯನ್ನೂ ಮುಟ್ಟದ ಟವೆಲ್ಲನ್ನು ಮೂಸಿ ಹಳದಿಯನ್ನು ಪಾಸು ಮಾಡುತ್ತಿದ್ದಳು.

ಅಂದರೆ ಬಕೆಟ್ಟು ಇಳಿದದ್ದು ಇಬ್ಬರಲ್ಲಿ ಯಾರಿಗೆ?

ಅತ್ತೆಗೆ ಆ ಅನುಮಾನವೇ ಇರಲಿಲ್ಲ. ಅವಳ ಕಣ್ಣು ಮಗನ ಬೆನ್ನು ಬಿಡಲಿಲ್ಲ. ಷೂ ಕಟ್ಟಿಕೊಳ್ಳಲು ಅವನು ಬಗ್ಗಿದರೆ ಕೆಲಸ ನಿಲ್ಲಿಸಿ ನೋಡುತ್ತಿದ್ದಳು. ಲೈಟು ಆರಿಸದೆ ಹೋದರೂ ಬೈಯಲಿಲ್ಲ. ಅವನ ತಟ್ಟೆಗೆ ಎರಡನೇ ಮೊಟ್ಟೆ ಬಿತ್ತು. ನಾದಿನಿ, "ಏನಣ್ಣ, ನಿಂಗೆ ಲಾಟರಿ ಹೊಡೀತಾ?" ಎಂದು ಕೆಣಕಿ, ಎದ್ದು ಹಿಂಬಾಗಿಲಿನತ್ತ ಹೋಗಿ, ಖಾಲಿ ಮೊಳೆಯನ್ನು ನೋಡಿ ಬಂದು, ಆಮೇಲೆ ಊಟ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಅದು ಎಲ್ಲಕ್ಕಿಂತ ಹೆಚ್ಚು ಹೆದರಿಸುವಂತಿತ್ತು.

ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಅವಳು ಪರದೆ ಹೊಲಿಯುವ ಅಂಗಡಿಯಿಂದ ಸಂಜೆ ಅವನ ಕಾರಿನಲ್ಲೇ ಮನೆಗೆ ಬರುತ್ತಿದ್ದಳು. ಅವಳು ಕೂರುವ ಕಡೆಯೂ ಒಂದು ಬ್ರೇಕಿತ್ತು. ಕಲಿಸುವವರಿಗೆಂದು ಇಟ್ಟದ್ದು. ಕಾಲು ತಾಗದಂತೆ ಅವಳು ಯಾವಾಗಲೂ ಪಾದ ಮಡಚಿ ಕೂರುತ್ತಿದ್ದಳು. ಆ ಸಂಜೆ ಹಾಗೆ ಕೂತೇ ಎಲ್ಲವನ್ನೂ ಹೇಳಿದಳು.

ಅವನು ನಕ್ಕ. "ನನ್ನ ಪ್ರಾಣ ದಿನಾ ಕ್ಲಚ್ ಯಾವುದು ಬ್ರೇಕ್ ಯಾವುದು ಗೊತ್ತಿಲ್ದೋರ ಕೈಲಿರುತ್ತೆ. ಟವೆಲ್ಲಿಗೆ ಹೆದರ್ಲಾ?"

ಡಾಕ್ಟರಿಗೆ ತೋರಿಸೋಣ, ಇಬ್ಬರೂ, ಎಂದಳು.

"ಹೋಗಿ ಏನಂತ ಹೇಳೋದು? ನಮ್ಮಮ್ಮ ಟವೆಲ್ ಬೇರೆ ಹಾಕಿದಾಳೆ ಅಂತಾನಾ?"

ಸಿಗ್ನಲ್ಲು ಕೆಂಪಾಯಿತು, ಕಾರು ನಿಂತಿತು. ಅವನು ಇನ್ನೂ ನಗುತ್ತಿದ್ದ ಹಾಗೇ ಇತ್ತು. ಹಸಿರಾದ ಮೇಲೂ ಕಾರು ಕದಲಲಿಲ್ಲ. ಹಿಂದಿನವರು ಹಾರನ್ ಹೊಡೆಯತೊಡಗಿದರು. ದಿನವಿಡೀ ಇನ್ನೊಬ್ಬರಿಗೆ ಗೇರು ಹಾಕಿಸುವವನು ಎರಡು ಸಲ ತಡಕಾಡಿ ಗೇರು ಹಾಕಿದ.

ಮನೆ ಹತ್ತಿರ ಬಂದಾಗ ಅವನೇ ಮಾತು ತೆಗೆದ. ರಸ್ತೆಯನ್ನೇ ನೋಡುತ್ತ ಹೇಳಿದ. "ಒಂದ್ ಕೆಲಸ ಮಾಡೋಣ. ಈ ವಾರ ನೀಲಿ ನಂದು, ಹಳದಿ ನಿಂದು. ಸುಮ್ನೆ. ನಿನ್ನ ಸಮಾಧಾನಕ್ಕೆ."

ತನ್ನ ಸಮಾಧಾನಕ್ಕೆ ಎಂದೇ ಅವಳೂ ಒಪ್ಪಿದಳು.

ಆ ವಾರ ಅವರವರ ಟವೆಲ್ಲು ಅವರವರಿಗೆ. ಬಚ್ಚಲಿನ ಬಾಗಿಲ ಸಂದಿಯಿಂದ ಕೈ ಹೊರಗೆ ಬರಲಿಲ್ಲ. ಒಣ ಟವೆಲ್ಲಿನಲ್ಲಿ ಒರೆಸಿಕೊಳ್ಳೋ ಸುಖವೇ ಬೇರೆ ಎಂದು ಅವನು ಒಮ್ಮೆ ತಮಾಷೆ ಮಾಡಿದ. ಅವಳು ಆ ಜಿಪುಣ ಹಳದಿಯನ್ನು ಮೈಮೇಲೆಲ್ಲ ಉಜ್ಜಿ ಉಜ್ಜಿ ಎಳೆಯುತ್ತಿದ್ದಳು. ಕಳ್ಳನಿಗೆ ಒಂದು ಪಿಳ್ಳೆ ನೆವ ಎನ್ನುವ ಹಾಗೆ ಮೈಗೂ ನೆವಗಳು ಸಿಕ್ಕವು. ಸ್ವಲ್ಪ ಕೆಮ್ಮು. ಎಡ ಪಕ್ಕೆಯಲ್ಲಿ ಎಲ್ಲೋ ಒಂದು ಚಳುಕು. ಟವೆಲ್ಲನ್ನು ಮೂಗಿಗೆ ಹಿಡಿದರೆ ಸೋಪು, ತೇವ, ತಂತಿಯ ತುಕ್ಕು. ಇನ್ನೇನೂ ಇಲ್ಲ. ಇದ್ದರೂ ತನ್ನ ವಾಸನೆ ತನಗೆ ಗೊತ್ತಾಗುತ್ತದೆಯೇ?

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಪರದೆಯ ಅಂಚು ಹೊಲಿಯುತ್ತಿದ್ದಾಗ ಅವಳ ತುಟಿ ಅಲುಗುತ್ತಿತ್ತು. ಪಕ್ಕದ ಮೆಷಿನ್ನಿನವಳು, ಏನು ಜಪ ಮಾಡ್ತಿದೀಯಾ ಎಂದು ಕೇಳಿದಾಗಲೇ ಅದು ಅರಿವಿಗೆ ಬಂದದ್ದು. ನನ್ನದಲ್ಲ, ನನ್ನದಲ್ಲ ಎನ್ನುತ್ತಿದ್ದಳು. ಮೆಷಿನ್ನು ನಿಲ್ಲಿಸಿದಳು. ಎರಡೇ ಟವೆಲ್ಲು. ತನ್ನದಲ್ಲ ಎಂದರೆ ಏನನ್ನು ಕೇಳಿಕೊಂಡ ಹಾಗಾಯಿತು ಎಂಬುದು ಸೂಜಿಯ ಕೆಳಗಿನ ಬಟ್ಟೆಯಷ್ಟು ಸ್ಪಷ್ಟವಾಗಿತ್ತು. ಅಂದು ಸಂಜೆ ಗಂಡನಿಗೆ ಎರಡನೇ ಮೊಟ್ಟೆಯನ್ನು ಅವಳೇ ಬಡಿಸಿದಳು. ಅತ್ತೆ ಅದನ್ನು ನೋಡಿ ಮುಖ ಆಚೆ ತಿರುಗಿಸಿದಳು.

ಒಗೆಯುವ ದಿನ ಬಂತು.

ನಾದಿನಿ ಬೇಗನೆ ಕೆಲಸಕ್ಕೆ ಹೋಗಿದ್ದಳು. ಗಂಡ ಸ್ನಾನಕ್ಕಿಳಿದಿದ್ದ. ಬಚ್ಚಲಿನ ಕಿಟಕಿ ಓಣಿಗೆ ಮುಖ ಮಾಡಿತ್ತು, ಒಳಗೆ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ಅತ್ತೆ ಗುಡ್ಡೆ ಹಾಕಿದಳು. ಬಿಳಿ, ಬಣ್ಣ, ಮೂಲೆಯದ್ದು. ಸೊಸೆ ಮೆಷಿನ್ನಿನ ಪಕ್ಕದಲ್ಲಿ ಸೋಪಿನ ಪುಡಿಯ ಡಬ್ಬ ಹಿಡಿದು ನಿಂತಿದ್ದಳು. ತಗಡಿನ ಬಕೆಟ್ಟು ಇಬ್ಬರ ನಡುವೆ ಬಾಯಿ ತೆರೆದಿತ್ತು.

ಬಿಳಿ. ಗುಡ್ಡೆಗೆ. ಗುಲಾಬಿ. ಗುಡ್ಡೆಗೆ.

ಅತ್ತೆ ನೀಲಿಯನ್ನು ಎತ್ತಿಕೊಂಡಳು. ಒಳಗೆ ನೀರಿನ ಸದ್ದು ನಿಂತಿತು.

ಸೊಸೆ ಕಿಟಕಿಯ ಕಡೆ ನೋಡಿದಳು. ಮಸುಕು ಗಾಜಿನ ಹಿಂದೆ ಅವನ ನೆರಳು ಅಲುಗಾಡದೆ ನಿಂತಿತ್ತು. ಸೋಪು ಹಚ್ಚಿದ ಮೈಯಲ್ಲಿ, ಕಿವಿಗೊಟ್ಟು. ನೆವ ಅವಳದ್ದಾಗಿತ್ತು. ಭಯ ಅವನದ್ದೂ ಆಗಿತ್ತು.

ಅತ್ತೆ ನೀಲಿಯನ್ನು ಮೂಸಿದಳು. ಮಡಿಕೆ ಬಿಚ್ಚಿ ಇನ್ನೊಮ್ಮೆ ಮೂಸಿದಳು. ತಿರುಗಿಸಿ, ಮುಖವನ್ನೇ ಅದರೊಳಗೆ ಇಟ್ಟಳು. ತಲೆಯೆತ್ತಿದಾಗ ಅವಳ ಮುಖ ಗುರುತು ಸಿಗದಷ್ಟು ಎಳೆಯದಾಗಿತ್ತು. ಟವೆಲ್ಲನ್ನು ಗುಲಾಬಿಯ ಮೇಲೆ ಇಟ್ಟು, ಮಗುವಿನ ಬೆನ್ನು ತಟ್ಟಿದ ಹಾಗೆ ಒಮ್ಮೆ ತಟ್ಟಿದಳು.

ಆಮೇಲೆ ಹಳದಿಯನ್ನು ಎತ್ತಿಕೊಂಡಳು. ಅದು ಮೂಗಿನ ತನಕ ಹೋಗಲಿಲ್ಲ. ಎದೆಯ ಹತ್ತಿರ ಬಂದಾಗಲೇ ಕೈ ನಿಂತಿತು. ನಂತರ ಅದನ್ನು ಎರಡು ಬೆರಳಲ್ಲಿ ಹಿಡಿದು ತಗಡಿನ ಬಕೆಟ್ಟಿಗೆ ಇಳಿಸಿದಳು. ಎಸೆಯಲಿಲ್ಲ. ಇಳಿಸಿದಳು.

"ಬಣ್ಣ ಬಿಡುತ್ತೆ," ಎಂದಳು.

"ಹೂಂ ಅತ್ತೆ."

ಗಾಜಿನ ಹಿಂದಿನ ನೆರಳು ಇನ್ನೂ ಅಲುಗಿರಲಿಲ್ಲ. ಯಾವುದು ಎಂದು ಅವನಿಗೆ ಗೊತ್ತಾಗಿರಲಿಲ್ಲ. ಕೇಳಲೂ ಇಲ್ಲ. ಅತ್ತೆಗೆ ಇದೇನೂ ತಿಳಿಯದು. ಅವಳು ಕಿಟಕಿಯತ್ತ ಮುಖ ಮಾಡಿ, ವಾರದಿಂದ ತಡೆದಿಟ್ಟಿದ್ದ ದನಿಯನ್ನು ಬಿಚ್ಚಿ ಕೂಗಿದಳು:

"ಏಯ್, ಎಷ್ಟ್ ಹೊತ್ತೋ ಸ್ನಾನ? ನಿನ್ನ ನೀಲಿ ಟವೆಲ್ ಮೆಷಿನ್‌ಗೆ ಹಾಕ್ತಾ ಇದೀನಿ, ಎಲ್ಲರದ್ದರ ಜೊತೆ. ಕಪಾಟಿಂದ ಬೇರೇದು ಕೊಡಿಸ್ತೀನಿ."

ಒಳಗೆ ನಲ್ಲಿ ತಿರುಗಿತು. ನೀರು ಮತ್ತೆ ಬಿತ್ತು, ಮೊದಲಿಗಿಂತ ಜೋರಾಗಿ. ಅದರ ನಡುವೆ ಸಣ್ಣಗೆ, ತನಗೇ ಗೊತ್ತಿಲ್ಲದವನಂತೆ, ಅವನು ಏನನ್ನೋ ಗುನುಗತೊಡಗಿದ.

ಸೊಸೆಗೆ ಸಿಟ್ಟು ಬರಲಿಲ್ಲ. ಆ ರಾಗ ಅವಳಿಗೆ ಗೊತ್ತಿತ್ತು. ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅದನ್ನೇ ಅವಳೂ ಅಭ್ಯಾಸ ಮಾಡಿದ್ದಳು.

ಡಬ್ಬ ಕೆಳಗಿಟ್ಟು ಒಳಗೆ ಹೋದಳು. ಕಪಾಟಿನಿಂದ ಮಡಿಸಿದ ನೀಲಿಯನ್ನು ತೆಗೆದುಕೊಂಡು ಬಚ್ಚಲಿನ ಬಾಗಿಲ ಮುಂದೆ ನಿಂತಳು. ಬಾಗಿಲು ಸಂದಿಯಷ್ಟು ತೆರೆಯಿತು. ಒದ್ದೆ ಕೈ ಹೊರಬಂತು. ಅವಳು ಟವೆಲ್ಲಿನ ಜೊತೆ ಮಣಿಕಟ್ಟನ್ನೂ ಮುಂದೆ ಚಾಚಿದಳು.

ಆ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಎರಡೇ ಬೆರಳಲ್ಲಿ ಟವೆಲ್ಲಿನ ಆಚೆ ತುದಿಯನ್ನು ಹಿಡಿದು, ಎಲ್ಲೂ ತಾಗದಂತೆ, ಮೆಲ್ಲಗೆ ಒಳಗೆ ಎಳೆದುಕೊಂಡಿತು.