ಅಂಬಿಗನ ಕಾಸು

ಸೆಕುಂದಾ ತಂಗಿಯ ಗಂಡನ ಹೆಣದ ಗದ್ದಕ್ಕೆ ಎರಡೂ ಹೆಬ್ಬೆರಳು ಕೊಟ್ಟು ಬಾಯಿ ಬಿಡಿಸಲು ಒದ್ದಾಡುತ್ತಿದ್ದಾಗ ತಂಗಿ ತೆರ್ತಿಯಾ ಹಿಂದಿನಿಂದ ಬಂದು ಅವಳ ಮಣಿಕಟ್ಟು ಹಿಡಿದಳು.

"ಕೈ ತೆಗಿ ಅಕ್ಕ."

"ನೀನು ಆಚೆ ಹೋಗು. ಹೊರೋರು ಬಾಗಿಲಲ್ಲಿ ನಿಂತಿದಾರೆ. ಜೀವ ಹೋದ ತಕ್ಷಣ ಕಾಸು ಇಟ್ಟಿದ್ರೆ ಈ ಪಾಡಿರ್ತಿತ್ತಾ? ದವಡೆ ಕಚ್ಕೊಂಡು ಕೂತಿದೆ. ಬದುಕಿದ್ದಾಗ ಒಂದು ಗಳಿಗೆ ಮುಚ್ಚದ ಬಾಯಿ, ಈಗ ನೋಡು!"

"ಅವರು ಬೇಡ ಅಂದಿದ್ರು."

"ಅವರು ಅನ್ನೋದೇನು, ಏನು ಬೇಕಾದ್ರೂ ಅಂತಿದ್ರು. ದೇವರು ಮಳೆ ಸುರಿಸಲ್ಲ ಅಂದ್ರು. ಪಾತಾಳದ ಬಾಗಿಲು ಕಾಯೋ ನಾಯಿ ಇಲ್ಲ ಅಂದ್ರು. ಸತ್ತವರು ದಾಟೋ ಹೊಳೆ ಇಲ್ಲ, ದೋಣಿ ಇಲ್ಲ, ಅಂಬಿಗ ಇಲ್ಲ. ಇದ್ದರೆ?" ಸೆಕುಂದಾಳ ದನಿ ಇದ್ದಕ್ಕಿದ್ದಂತೆ ಇಳಿಯಿತು. "ಇದ್ದರೆ ಏನೇ ಮಾಡ್ತೀಯ? ಅಪ್ಪ ಒಬ್ಬರು ದಡದಲ್ಲಿ ನಿಂತಿರೋದು ಸಾಲ್ದಾ?"

ಈ ಮಾತಿಗೆ ತೆರ್ತಿಯಾ ಹಿಡಿದ ಕೈ ಬಿಟ್ಟಳು. ನಮ್ಮೂರಲ್ಲಿ ಹೆಣ್ಣುಮಕ್ಕಳಿಗೆ ಹೆಸರು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ, ಎಣಿಸಿಬಿಡುತ್ತಾರೆ. ಎರಡನೆಯವಳು ಸೆಕುಂದಾ, ಮೂರನೆಯವಳು ತೆರ್ತಿಯಾ. ಮೊದಲನೆಯದು ತೊಟ್ಟಿಲಲ್ಲೇ ಹೋಗಿತ್ತು. ಇವರಪ್ಪ ಪಕ್ಕದ ಕೂಮೆ ಊರಿನ ಹೊಲದಲ್ಲಿ ಉಳುತ್ತಿದ್ದಾಗ ಸಿಡಿಲು ಬಡಿದು ಸತ್ತ. ಸಿಡಿಲು ಬಡಿದವನು ಸಿಡಿಲಿನ ದೇವರು ಜೂಪಿಟರ್ ಹೊಡೆದವನು, ಅವನಿಗೆ ಸಂಸ್ಕಾರವಿಲ್ಲ. ಎತ್ತಬಾರದು, ಸುಡಬಾರದು, ಬಿದ್ದಲ್ಲೇ ಮಣ್ಣು ಎಳೆಯಬೇಕು. ಹಾಗೇ ಎಳೆದರು. ಬಾಯಿಗೆ ಕಾಸೂ ಇಡಲಿಲ್ಲ. ಕಾಸಿಲ್ಲದವನನ್ನು ಅಂಬಿಗ ಹತ್ತಿಸಿಕೊಳ್ಳುವುದಿಲ್ಲ, ನೂರು ವರ್ಷ ದಡದಲ್ಲೇ ಅಲೆಯಬೇಕು ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದ ಮಕ್ಕಳು. ಅಪ್ಪ ನಿಂತು ನಲವತ್ತೊಂದು ವರ್ಷವಾಯಿತು ಎಂದು ಸೆಕುಂದಾ ಮೊನ್ನೆಯೂ ಲೆಕ್ಕ ಹೇಳಿದ್ದಳು.

"ಕೊಡು, ನಾನೇ ಇಡ್ತೀನಿ," ಎಂದಳು ತೆರ್ತಿಯಾ. "ಚಿತೆ ಮೇಲೆ ಕೊನೇ ಮುತ್ತು ಕೊಡೋದು ನಾನೇ ತಾನೆ. ಆಗ ತುಟಿ ಮಧ್ಯೆ ಸೇರಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

"ನಿಜವಾಗ್ಲೂ?"

ತೆರ್ತಿಯಾ ಅಕ್ಕನ ಕೈಯಿಂದ ಕಾಸು ತೆಗೆದುಕೊಂಡಳು. ಅದನ್ನು ಬಾಯಿಗೆ ಹಾಕಿ ಕೆನ್ನೆಯ ಒಳಗೆ ಒತ್ತಿಕೊಂಡಳು. ಗಂಡ ಬೇಡ ಅಂದಿದ್ದರು ಎಂದು ಅವಳು ಹೇಳಿದ್ದು ಪೂರ್ತಿ ನಿಜವಲ್ಲ. ನಿಜ ಏನೆಂದು ಹೇಳುವ ಮೊದಲು ಆ ಮನುಷ್ಯನ ಬಗ್ಗೆ ಒಂದೆರಡು ಮಾತು ಹೇಳಬೇಕು.

*

ಹಿಲಾರುಸ್ ಮೂವತ್ತು ತುಂಬುವತನಕ ಕಡಲ ದಂಡೆಯ ಒಬ್ಬ ಧಣಿಯ ಬಂಗಲೆಯಲ್ಲಿ ಗುಲಾಮನಾಗಿದ್ದ. ಧಣಿಗೆ ಪುಸ್ತಕ ಓದಿ ಹೇಳುವುದು ಅವನ ಕೆಲಸ. ಆ ಧಣಿಗೆ ಸಾವೆಂದರೆ ನಡುಕ. ಯಾರೋ ಅವನಿಗೆ ಒಂದು ಉದ್ದನೆಯ ಕಾವ್ಯ ತಂದುಕೊಟ್ಟರು. ಲೋಕ ಯಾವುದರಿಂದ ಆಗಿದೆ, ಭೂಮಿ ಯಾಕೆ ನಡುಗುತ್ತದೆ, ಸಿಡಿಲು ಎಲ್ಲಿಂದ ಬರುತ್ತದೆ, ಸತ್ತ ಮೇಲೆ ಏನಾಗುತ್ತದೆ ಎಂದು ಅದರಲ್ಲಿ ಸುರುಳಿಗಟ್ಟಲೆ ಇತ್ತು. ಸತ್ತ ಮೇಲೆ ಏನೂ ಆಗುವುದಿಲ್ಲ ಎಂಬುದು ಅದರ ಸಾರ. ಕಣ್ಣಿಗೆ ಕಾಣದಷ್ಟು ಸಣ್ಣ ಕಾಳುಗಳು ಕೂಡಿ ನಾವಾಗುತ್ತೇವೆ, ಕಾಳುಗಳು ಬಿಡಿಬಿಡಿಯಾದರೆ ನಾವಿಲ್ಲ. ಇಲ್ಲದವನಿಗೆ ನೋವೆಲ್ಲಿ, ಭಯವೆಲ್ಲಿ? ಧಣಿ ಅದನ್ನು ಎಷ್ಟು ಸಲ ಓದಿಸಿದನೆಂದರೆ ಹಿಲಾರುಸನಿಗೆ ಅಷ್ಟೂ ಬಾಯಿಪಾಠವಾಯಿತು. ಧಣಿ ಮಾತ್ರ ಕೊನೆಗೂ ನಡುಗುತ್ತಲೇ ಸತ್ತ. ಸಾಯುವಾಗ ಇವನಿಗೆ ಬಿಡುಗಡೆ ಬರೆದಿಟ್ಟಿದ್ದ.

ಬಿಡುಗಡೆಯಾದವನು ನಮ್ಮೂರು ಪುತಿಯೋಲಿಯ ಮಾರುಕಟ್ಟೆಯ ಸಾಲುಕಂಬಗಳ ಕೆಳಗೆ ಕೂತು ಜನರ ಕಾಗದಪತ್ರ ಬರೆದುಕೊಟ್ಟು ಬದುಕಿದ. ದೊಡ್ಡ ಮನುಷ್ಯನೇನಲ್ಲ. ಆದರೆ ಊರಲ್ಲಿ ಯಾರಾದರೂ ಸಾಯಲು ಮಲಗಿದರೆ ಇವನು ಕರೆಯದೆಯೇ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ನಮ್ಮೂರವರಿಗೆ ಪಾತಾಳ ಎಲ್ಲೋ ದೂರದಲ್ಲಿಲ್ಲ. ಅದರ ಬಾಗಿಲು ಅವೆರ್ನೋ ಕೆರೆಯ ಹತ್ತಿರ, ಬೆಳಗ್ಗೆ ಹೊರಟರೆ ಊಟದ ಹೊತ್ತಿಗೆ ವಾಪಸು ಬರಬಹುದು. ಗುಡ್ಡದ ಬಿರುಕುಗಳಲ್ಲಿ ಗಂಧಕದ ಹೊಗೆ ಏಳುವಾಗ ಹೆದರದೆ ಸಾಯುವುದು ಯಾರಿಗೂ ಸುಲಭವಲ್ಲ. ಅಂಥವರ ಕೈ ಹಿಡಿದು ಇವನು ಮೆಲ್ಲಗೆ ಪದ್ಯ ಹೇಳುತ್ತಿದ್ದ. ನಾನೂ ಎರಡು ಸಲ ಕೇಳಿದ್ದೇನೆ. ಅರ್ಥವಾದದ್ದು ಅರ್ಧ, ಆದರೂ ಎದೆ ಹಗುರವಾಗುತ್ತಿತ್ತು.

ಊರಿಗೆಲ್ಲ ಧೈರ್ಯ ಹೇಳುವವನ ಮನೆಯಲ್ಲಿ ಹೆಂಡತಿ ಗುಡುಗಿಗೆ ಹೆದರಿ ಮಂಚದ ಕೆಳಗೆ ತೂರುತ್ತಿದ್ದಳು. ಮದುವೆಯಾದ ಮೊದಲ ಮಳೆಗಾಲದಲ್ಲೇ ಅವನಿಗೆ ಅದು ಗೊತ್ತಾಯಿತು. ಪದ್ಯ ಹೇಳಿದ, ನಾಟಲಿಲ್ಲ. ಮರುದಿನ ಅವಳನ್ನು ಬಂದರಿಗೆ ಕರೆದುಕೊಂಡು ಹೋಗಿ, ನೀರಿನ ಆಚೆ ದಡದಲ್ಲಿ ಹಡಗು ಕಟ್ಟುತ್ತಿದ್ದ ಗ್ರಾನಿಯುಸನನ್ನು ತೋರಿಸಿದ.

"ಅವನ ಸುತ್ತಿಗೆ ನೋಡು. ಬಿತ್ತಾ?"

"ಬಿತ್ತು."

"ಸದ್ದು?"

ಸದ್ದು ಆಮೇಲೆ ಬಂತು.

"ನೋಡಿದ್ದು ಬೇಗ ಬರುತ್ತೆ, ಕೇಳಿದ್ದು ನಿಧಾನಕ್ಕೆ ಬರುತ್ತೆ. ಮೇಲೂ ಅಷ್ಟೇ. ಮೋಡಕ್ಕೆ ಮೋಡ ತಾಗೋದು. ಅಲ್ಲಿ ಯಾರೂ ನಿನ್ನ ಅಪ್ಪನ ಹೆಸರು ಹಿಡ್ಕೊಂಡು ಕೂತಿಲ್ಲ ಕಣೇ."

ಬರುವಾಗ ಊರ ಬಾಗಿಲಿನ ಮುದುಕನ ಹತ್ತಿರ ಹುರಿದ ಕಡಲೆ ಕೊಂಡ. ಅಂದಿನಿಂದ ಅವರ ಮನೆಯಲ್ಲಿ ಒಂದು ರೂಢಿಯಾಯಿತು. ಮಿಂಚಿದರೆ ಅವನು ಕಡಲೆ ತಟ್ಟೆ ಮುಂದಿಟ್ಟು ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಗುಡುಗು ಕೇಳುವವರೆಗೆ ಒಂದೊಂದಾಗಿ ಕಡಲೆ ತಿನ್ನಬೇಕು. ತಿಂದ ಕಡಲೆ ಕಡಿಮೆಯಾದರೆ ಮೋಡ ಹತ್ತಿರ ಬರುತ್ತಿದೆ, ಹೆಚ್ಚಾದರೆ ದೂರ ಹೋಗುತ್ತಿದೆ. ಅವಳು ತಿಂದಳು. ಹೆದರಿಕೆ ಹೋಯಿತೇ ಎಂದು ಕೇಳಿದರೆ, ಹೋಯಿತು ಅನ್ನುತ್ತಿದ್ದಳು. ಕೇಳಿದವನ ಕೈಯನ್ನು ಮಾತ್ರ ಬಿಡುತ್ತಿರಲಿಲ್ಲ. ಹೀಗೆ ಇಪ್ಪತ್ತಾರು ವರ್ಷ ನಡೆಯಿತು.

*

ಹೆಣ ಎತ್ತಿದಾಗ ಮೋಡ ಕಟ್ಟಿತ್ತು. ಕೊಳಲಿನವರು ಮುಂದೆ, ಅವರ ಹಿಂದೆ ಬಾಡಿಗೆಗೆ ಅಳುವ ನೇವಿಯಾ ಅಜ್ಜಿ. ಈ ಊರಲ್ಲಿ ಅವಳಷ್ಟು ಚೆನ್ನಾಗಿ ಅಳುವವರಿಲ್ಲ; ಯಾರ ಹೆಣವಾದರೂ ಸರಿ, ಕೂದಲು ಬಿಚ್ಚಿ ರಾಗ ಎತ್ತಿದಳೆಂದರೆ ದಾರಿಯ ಕತ್ತೆಗಳೂ ನಿಲ್ಲುತ್ತವೆ. ಇವತ್ತು ಬಾಯಿ ತೆರೆದಳು, ಸ್ವರ ಹೊರಡಲಿಲ್ಲ.

"ಅಜ್ಜಿ, ಶುರು ಮಾಡು," ಎಂದು ಹೊರುವವರ ಮುಂದಾಳು ಗದರಿದ. "ಏನು ಹಬ್ಬಕ್ಕೆ ಹೊರಟಿದೀವಾ?"

"ಅಳು ಬರ್ತಿದೆ ಕಣೋ," ಎಂದಳು ನೇವಿಯಾ.

"ಬರ್ಲಿ! ಅದಕ್ಕೇ ಅಲ್ವಾ ನಿನ್ನ ಕರೆಸಿದ್ದು?"

"ಹಾಗಲ್ಲ ಮುಂಡೇದೇ. ನಿಜವಾಗ್ಲೂ ಬರ್ತಿದೆ. ನಿಜವಾದ ಅಳು ಬಂದ್ರೆ ರಾಗ ನಿಲ್ಲಲ್ಲ." ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ತೆರ್ತಿಯಾಳ ಪಕ್ಕಕ್ಕೆ ಬಂದಳು. "ನಮ್ಮನೆಯವರು ಹೋಗುವಾಗ ಮೂರು ದಿನ ಕೂತಿದ್ದ ತಾಯಿ, ನಿನ್ನ ಗಂಡ. ಮೂರು ದಿನ! ನನ್ನ ಮಕ್ಕಳು ಕೂರಲಿಲ್ಲ."

ತೆರ್ತಿಯಾ ತಲೆ ಆಡಿಸಿದಳು. ಕಾಸು ಹಲ್ಲಿಗೆ ತಾಗಿ ಕಿಣಿ ಎಂದಿತು.

ಹಿಂದಿನಿಂದ ಗ್ರಾನಿಯುಸ್ ಬಂದು ಸೇರಿಕೊಂಡ. ವಯಸ್ಸಾಗಿತ್ತು, ಸುತ್ತಿಗೆ ಹಿಡಿದ ಕೈ ಮಾತ್ರ ಹಾಗೇ ಇತ್ತು. "ಅತ್ತಿಗೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಾಸು ಗೀಸು ಏನೂ ಇಟ್ಟಿಲ್ಲ ತಾನೆ? ಅಣ್ಣ ಇಡೀ ಜನ್ಮ ಹೇಳಿದ್ದಕ್ಕೆ ಮಣ್ಣು ಹಾಕಿದ ಹಾಗಾಗುತ್ತೆ."

"ನಿನಗ್ಯಾಕಯ್ಯ ಅದು?" ಸೆಕುಂದಾ ನಡುವೆ ಬಂದಳು. "ಹಡಗು ಇಳಿಸುವಾಗ ನೀನು ಕುರಿ ಕಡಿಯಲ್ವಾ? ಕಡಲ ದೇವರು ನೆಪ್ಚೂನನಿಗೆ ಹೆಂಡ ಹೊಯ್ಯಲ್ವಾ?"

"ಅದು ಹಡಗಿನ ಯಜಮಾನನ ತೃಪ್ತಿಗಮ್ಮ."

"ಕುರಿ ಊಟ ಯಾರ ತೃಪ್ತಿಗೆ?"

ಗ್ರಾನಿಯುಸ್ ತೆರ್ತಿಯಾಳ ಮುಖ ನೋಡಿದ. ಅವಳು ಬಾಯಿ ಬಿಗಿಹಿಡಿದು ನಡೆಯುತ್ತಿದ್ದಳು. ಪಾಪ, ದುಃಖಕ್ಕೆ ಮಾತೇ ಕಟ್ಟಿಹೋಗಿದೆ ಎಂದು ನೇವಿಯಾ ಅಜ್ಜಿ ಅವನನ್ನು ಆಚೆ ತಳ್ಳಿದಳು.

*

ಹನ್ನೊಂದು ದಿನದ ಹಿಂದೆ, ಬೆಳಗಿನ ಬಿಸಿಲು ಮಂಚಕ್ಕೆ ಬಿದ್ದಿದ್ದಾಗ, ಹಿಲಾರುಸ್ ತಾನಾಗಿಯೇ ಮಾತು ತೆಗೆದಿದ್ದ.

"ನನ್ನ ಬಾಯಲ್ಲಿ ಕಾಸು ಇಡಬೇಡ ಅಂತ ಹೇಳೋಣ ಅಂತಿದ್ದೆ."

"ಇಡಲ್ಲ ಬಿಡಿ."

"ಇಷ್ಟು ಬೇಗ ಒಪ್ಕೊಂಡೆ ಅಂದ್ರೆ ಸುಳ್ಳು." ನಗಲು ಹೋಗಿ ಕೆಮ್ಮಿದ. ಅವಳು ಬೆನ್ನು ನೀವಿದಳು.

"ನೇವಿಯಮ್ಮನ ಯಜಮಾನರಿಗೆ ನೀವೇ ಇಟ್ರಂತೆ?" ಎಂದಳು. ತುಂಬಾ ದಿನದಿಂದ ಕೇಳಬೇಕೆಂದಿದ್ದ ಮಾತು.

"ಇಟ್ಟೆ. ಕೊನೆಗೂ ಅವನಿಗೆ ಹೆದರಿಕೆ ಹೋಗಲಿಲ್ಲ. ಕಾಸು ಇಡ್ತೀಯಾ, ಇಡ್ತೀಯಾ ಅಂತ ಕೇಳ್ತಿದ್ದ. ನಡುಗೋನ ಜತೆ ವಾದ ಮಾಡೋಕಾಗುತ್ತಾ? ಅವನ ಅಂಗೈಗೇ ಕಾಸು ಕೊಟ್ಟೆ, ಹಿಡ್ಕೊಂಡು ಮಲಗಿದ. ಹೋದ ಮೇಲೆ ಬಾಯಿಗಿಟ್ಟೆ. ಕೊಟ್ಟ ಮಾತು." ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡ. "ನಿನ್ನ ಹತ್ತಿರ ಮಾತು ತಗೊಳ್ಳಲ್ಲ. ಆ ಹೊತ್ತಿಗೆ ನಿನಗೆ ಹೆದರಿಕೆ ಇದ್ರೆ ಇಡು. ಇಲ್ದಿದ್ರೆ ಬೇಡ. ನನಗೇನು, ನಾನು ಇರೋದೇ ಇಲ್ಲ. ನಿನ್ನ ಪಾಡು ನೋಡ್ಕೋ."

ಇಷ್ಟು ಒಳ್ಳೆಯತನವನ್ನು ಅವಳು ಬೇಡಿರಲಿಲ್ಲ. ಇಡಬೇಡ ಎಂದು ಗಟ್ಟಿಯಾಗಿ ಹೇಳಿದ್ದರೆ ಮಾತು ಉಳಿಸಬಹುದಿತ್ತು, ಇಲ್ಲವೇ ಮುರಿದು ಅಳಬಹುದಿತ್ತು. ಈಗ ತನ್ನ ಎದೆಯೊಳಗೆ ಹೆದರಿಕೆ ಇದೆಯೋ ಇಲ್ಲವೋ ಎಂದು ತಾನೇ ತಡಕಬೇಕು. ಹೆಣದ ಹಿಂದೆ ನಡೆಯುತ್ತ ದಾರಿಯುದ್ದಕ್ಕೂ ತಡಕಿದಳು. ಇತ್ತು. ಹೆಜ್ಜೆಹೆಜ್ಜೆಗೂ ಇತ್ತು. ದಡದಲ್ಲಿ ನಿಂತ ಅಪ್ಪನ ಪಕ್ಕದಲ್ಲಿ ಗಂಡನೂ ನಿಂತು, ಯಾರಾದರೂ ಓಲೆ ಬರೆಸಿಕೊಳ್ಳುತ್ತಾರೇನೋ ಎಂದು ಕಾಯುವುದು ಕಣ್ಣಿಗೆ ಕಟ್ಟುತ್ತಿತ್ತು.

*

ಊರಾಚೆ, ಗೋರಿಗಳ ಸಾಲು ಮುಗಿದಲ್ಲಿ ಚಿತೆ ಒಟ್ಟಿದ್ದರು. ಮಂಚವನ್ನು ಮೇಲೇರಿಸಿದರು. ತೆರ್ತಿಯಾ ಸೌದೆಯ ಮೆಟ್ಟಿಲು ಹತ್ತಿ ಗಂಡನ ರೆಪ್ಪೆಗಳನ್ನು ಬೆರಳಲ್ಲಿ ಬಿಡಿಸಿದಳು. ಮುಚ್ಚಿದ ಕಣ್ಣನ್ನು ಚಿತೆಯ ಮೇಲೆ ಮತ್ತೆ ತೆರೆದಿಡುವುದು ನಮ್ಮ ಪದ್ಧತಿ, ಕೊನೆಯ ಸಲ ಆಕಾಶ ಕಾಣಲಿ ಎಂದು. ಆಕಾಶವೆಲ್ಲ ಕಪ್ಪಾಗಿತ್ತು. ಕೆಳಗೆ ಸೆಕುಂದಾ ಎರಡೂ ಕೈ ಎದೆಗೊತ್ತಿಕೊಂಡು ನೋಡುತ್ತಿದ್ದಳು.

ತೆರ್ತಿಯಾ ಬಾಗಿದಳು. ಬೆಳಗ್ಗೆ ಅಕ್ಕ ಒತ್ತಿದ್ದಕ್ಕೋ ಏನೋ ದವಡೆ ಈಗ ಸಡಿಲವಾಗಿತ್ತು, ತುಟಿ ತುಸು ತೆರೆದಿತ್ತು. ನಾಲಗೆಯಿಂದ ಕಾಸನ್ನು ಹಲ್ಲಿನ ಮುಂದಕ್ಕೆ ತಂದಳು. ಇನ್ನೇನು ತುಟಿಗೆ ತುಟಿ ತಾಗಬೇಕು, ಆಗ ಮಿಸೇನುಮ್ ಭೂಶಿರದ ಕಡೆ, ಕಡಲ ಮೇಲೆ, ಫಳ್ಳೆಂದು ಮಿಂಚಿತು.

ಕೆಳಗೆ ಜನ ಹೋ ಎಂದರು. ಕೊಳಲು ನಿಂತಿತು. ದೇವರಿಲ್ಲ ಎಂದವನ ಚಿತೆ ನೋಡಿಯೇ ಸಿಡಿಲು ಬಂತು, ಎಂದು ಯಾರೋ ಗೊಣಗಿದರು. ಸೆಕುಂದಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲಕ್ಕೆ ಕುಕ್ಕರಿಸಿದಳು.

ತೆರ್ತಿಯಾ ಬಾಗಿದವಳು ಬಾಗಿದಂತೆಯೇ ಇದ್ದಳು. ಒಂದು, ಎಂದಿತು ಮನಸ್ಸು. ಎರಡು. ಮೂರು. ಬೇಕೆಂದು ಎಣಿಸಿದ್ದಲ್ಲ, ಇಪ್ಪತ್ತಾರು ವರ್ಷದ ಅಭ್ಯಾಸ. ನಾಲ್ಕಕ್ಕೆ ಗುಡುಗಿತು. ಸದ್ದು ಗುಡ್ಡಕ್ಕೆ ಬಡಿದು ಹಿಂದಕ್ಕೆ ಹೋಯಿತು. ಆಗ ಅವಳಿಗೆ ಗೊತ್ತಾಯಿತು, ಗುಡುಗು ಬಂದು ಹೋಗಿದೆ, ತಾನು ಯಾರ ಕೈಯನ್ನೂ ಹಿಡಿದಿಲ್ಲ.

ಅವಳು ಗಂಡನಿಗೆ ಮುತ್ತು ಕೊಟ್ಟಳು. ತಣ್ಣಗಿತ್ತು, ಬರೀ ತಣ್ಣಗಿತ್ತು. ಇಳಿದು ಬಂದು, ಸೆರಗು ಬಾಯಿಗೆ ಅಡ್ಡ ಹಿಡಿದು ಒರೆಸಿಕೊಂಡಳು. ಆಮೇಲೆ ಇಡೀ ದಿನದಲ್ಲಿ ಮೊದಲ ಸಲ ಬಾಯಿ ತುಂಬ ಕೂಗಿದಳು: "ಹಿಲಾರುಸ್!" ಮೂರು ಸಲ ಕೂಗಿ, ಉತ್ತರಕ್ಕೆಂದು ಪದ್ಧತಿಯಂತೆ ಕಾದು, ಪಂಜು ತೆಗೆದುಕೊಂಡಳು. ಪಂಜು ಇಡುವವರು ಮುಖ ಆಚೆ ತಿರುಗಿಸಿಕೊಳ್ಳಬೇಕು. ಅವಳು ತಿರುಗಿಸಲಿಲ್ಲ. ನೇವಿಯಾ ಅಜ್ಜಿಗೆ ಅಷ್ಟರಲ್ಲಿ ರಾಗ ಬಂತು. ಅಂಥ ರಾಗವನ್ನು ಅವಳು ಧಣಿಗಳಿಗೂ ಹಾಡಿರಲಿಲ್ಲ.

*

ಕೆಂಡಕ್ಕೆ ಹೆಂಡ ಹೊಯ್ದು, ಮೂಳೆ ಆಯ್ದು ಮಡಕೆಗೆ ತುಂಬಿ ವಾಪಸು ಹೊರಡುವಾಗ ಇನ್ನೂ ಬೆಳಕಿತ್ತು. ಮಳೆ ಹನಿಯಲಿಲ್ಲ, ಮೋಡ ಮಾತ್ರ ಆಗಾಗ ಮಿಂಚುತ್ತ ಕಡಲ ಮೇಲೆ ಓಡಾಡುತ್ತಿತ್ತು. ಅಕ್ಕತಂಗಿಯರಿಬ್ಬರೂ ಹಿಂದೆ ಉಳಿದರು.

"ಇಟ್ಟೆ ತಾನೆ?" ಸೆಕುಂದಾ ಪಿಸುಗುಟ್ಟಿದಳು. "ಬಗ್ಗಿದ್ದು ನೋಡಿದೆ. ಸದ್ಯ, ಇವರಾದ್ರೂ ದಾಟಿದ್ರು."

ತೆರ್ತಿಯಾ ಬೇಗ ಬೇಗ ಹೆಜ್ಜೆ ಹಾಕಿದಳು. ಊರ ಬಾಗಿಲಿನ ಪಕ್ಕದಲ್ಲಿ ಕಡಲೆ ಮುದುಕನ ಮಗ, ಈಗ ಅವನೇ ಮುದುಕ, ಒಲೆ ಊದುತ್ತಿದ್ದ. ಅವಳು ಅವನ ಮುಂದೆ ನಿಂತು ಮುಷ್ಟಿ ಬಿಚ್ಚಿದಳು.

"ಬಿಸಿ ಇದೆಯೇನಪ್ಪ?"

"ಇದೆಯಮ್ಮ. ನಿಮಗೆ ಕಾಸು ಬೇಡ ಇವತ್ತು. ಅವರು ನಮ್ಮಪ್ಪನ ಹತ್ತಿರ ಕೂತಿದ್ರು."

"ತಗೋ. ಇದು ಖರ್ಚಾಗಬೇಕು."

ಸೆಕುಂದಾ ಕಾಸನ್ನು ನೋಡಿದಳು. ಅಂಚು ಚೂರು ಮುರಿದಿದ್ದ ಆ ಕಾಸನ್ನು ಬೆಳಗ್ಗೆ ತಾನೇ ಆರಿಸಿ ತಂದಿದ್ದಳು.

"ಅಯ್ಯೋ ಪಾಪಿ, ಏನು ಮಾಡಿದೆಯೇ? ಅವರೂ ದಡದಲ್ಲೇ..."

"ದಡದಲ್ಲಿ ಯಾರೂ ಇಲ್ಲ ಅಕ್ಕ." ತೆರ್ತಿಯಾ ಅಕ್ಕನ ಕಡೆ ತಿರುಗಿದಳು. "ಅಪ್ಪನೂ ಇಲ್ಲ. ನಲವತ್ತೊಂದು ವರ್ಷದಿಂದ ಅಪ್ಪ ಎಲ್ಲೂ ನಿಂತಿಲ್ಲ. ಕಾಲು ನೋಯಿಸ್ಕೊಂಡು ನಿಂತಿರೋರು ನಾವಿಬ್ಬರೇ. ಬಾ, ಕೂತ್ಕೋ."

ಮತ್ತೆ ಮಿಂಚಿತು. ಸೆಕುಂದಾಳ ಕೈ ತಾನಾಗಿ ಸೆರಗಿಗೆ ಹೋಯಿತು. ತೆರ್ತಿಯಾ ಆ ಕೈ ಹಿಡಿದು ತಂದು, ಅಂಗೈ ಬಿಡಿಸಿ, ಬಿಸಿ ಕಡಲೆ ಸುರಿದಳು.

"ಸುಮ್ನೆ ಒಂದೊಂದೇ ತಿನ್ನು. ಒಂದು."

ಅಕ್ಕ ಒಂದನ್ನು ಬಾಯಿಗಿಟ್ಟುಕೊಂಡಳು. ಎರಡು. ಮೂರು. ಬಾಗಿಲಿನ ಕಲ್ಲುಕಟ್ಟೆಯ ಮೇಲೆ, ಮೂಳೆಯ ಮಡಕೆಯನ್ನು ನಡುವೆ ಇಟ್ಟುಕೊಂಡು, ಕೂದಲು ನರೆತ ಇಬ್ಬರು ಹೆಂಗಸರು ಕಡಲ ಕಡೆ ನೋಡುತ್ತ ಕೂತರು. ಏಳನೆಯ ಕಡಲೆ ಕಟುಮ್ ಎಂದಾಗಲೂ ಗುಡುಗು ಇನ್ನೂ ಬಂದಿರಲಿಲ್ಲ.